ಮೊಳದುದ್ದ ಬಿಳಿ ನೂಲು

ಆ ಊರಿನವರು ಯಾರ ಮನೆಗೆ ಹೋದರೂ ಮೊದಲು ಮುಖ ನೋಡುವುದಿಲ್ಲ, ಬಾಗಿಲು ನೋಡುತ್ತಾರೆ. ಬಾಗಿಲ ಮೇಲಿನ ಪಟ್ಟಿಯಿಂದ ಮನೆಯವರೆಲ್ಲರ ನೂಲುಗಳು ಇಳಿಬಿದ್ದಿರುತ್ತವೆ, ಒಬ್ಬೊಬ್ಬರಿಗೆ ಐದೈದು. ಹಳದಿಯದು ಹೊಸದನ್ನು ಹುಡುಕುವ ಗುಣಕ್ಕೆ. ನೀಲಿಯದು ಅಚ್ಚುಕಟ್ಟಿಗೆ. ಕೆಂಪಿನದು ಜನರೊಡನೆ ಬೆರೆಯುವುದಕ್ಕೆ. ಬಿಳಿಯದು ಮರುಗುವುದಕ್ಕೆ, ಅಂದರೆ ಕರುಣೆಗೆ. ಕಪ್ಪಿನದು ಕಳವಳಕ್ಕೆ. ಯಾವ ನೂಲು ಎಷ್ಟುದ್ದವೋ ಆ ಮನುಷ್ಯನಲ್ಲಿ ಆ ಗುಣ ಅಷ್ಟು. ಹಾಗೆಂದು ಊರು ನಂಬಿತ್ತು, ಮತ್ತು ಊರು ನಂಬಿದ ಮೇಲೆ ಮುಗಿಯಿತಲ್ಲ.

ಕೆಂಪು ನೂಲು ಉದ್ದ ಬಂದ ಒಬ್ಬ ಮುದುಕನಿದ್ದ. ಗಂಟಲು ಬಿದ್ದುಹೋಗಿ ಮಾತೇ ಹೊರಡದಿದ್ದರೂ ಅವನಿಲ್ಲದೆ ಒಂದು ಮದುವೆ ನಡೆಯುವ ಹಾಗಿರಲಿಲ್ಲ. ಪಾಪ, ಮನೆಯಲ್ಲಿ ಹೊದ್ದು ಮಲಗುವ ಆಸೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಪಂಕ್ತಿಯ ನಡುವೆ ಕೂತು ಎಲ್ಲರಿಗೂ ತಲೆಯಾಡಿಸುತ್ತಿದ್ದ. ಕಪ್ಪು ನೂಲು ಉದ್ದ ಬಂದ ಹೆಂಗಸಿಗೆ ಯಾರೂ ಕೆಟ್ಟ ಸುದ್ದಿ ಹೇಳುತ್ತಿರಲಿಲ್ಲ. ಅಪ್ಪ ಸತ್ತದ್ದು ಅವಳಿಗೆ ತಿಥಿಯ ಊಟಕ್ಕೆ ಕೂತಾಗ ಗೊತ್ತಾಯಿತು. ನೀಲಿ ನೂಲು ಗಿಡ್ಡ ಬಂದ ದರ್ಜಿಗೆ ಯಾರೂ ರವಿಕೆ ಕೊಡಲಿಲ್ಲ, ಚಿಂದಿ ಜೋಡಿಸುವ ಕೌದಿ ಕೊಟ್ಟರು. ಕೌದಿ ಹೊಲಿದು ಹೊಲಿದು ಅವನ ಹೊಲಿಗೆಯೇ ಸೊಟ್ಟಗೆ ತಿರುಗಿತು. ನೂಲು ಸುಳ್ಳು ಹೇಳುತ್ತದೆಯೇ, ನೋಡಿ, ಎಂದು ಊರು ಹೇಳಿತು. ಊರಿಗೇನು, ಹೇಳುತ್ತದೆ.

ಅಳತೆ ನಡೆಯುತ್ತಿದ್ದದ್ದು ಕೆಲವು ವರ್ಷಗಳಿಗೊಮ್ಮೆ. ಅಷ್ಟರೊಳಗೆ ಹರೆಯಕ್ಕೆ ಬಂದವರೆಲ್ಲ ಮಿಂದು ಚಾವಡಿಗೆ ಹೋಗಬೇಕು. ತನ್ನ ಗುಣವನ್ನು ತಾನೇ ಹೇಳಿಕೊಳ್ಳುವ ಹಾಗಿಲ್ಲ. ಒಡಹುಟ್ಟಿದವರೋ ಹೆತ್ತವರೋ ಸಾಕ್ಷಿ ಹೇಳಬೇಕು. ಅಳತೆಗೆ ಕೂತವರ ಕಿವಿಗೆ ಹತ್ತಿ ತುರುಕುತ್ತಾರೆ. ಸಾಕ್ಷಿ ಅರಿಸಿನ ಮೆತ್ತಿದ ಕೈಯನ್ನು ಅವರ ನೆತ್ತಿಯ ಮೇಲಿಟ್ಟು, ಹಿರಿಯರು ಕೇಳಿದ್ದಕ್ಕೆ ಉತ್ತರ ಹೇಳುತ್ತಾರೆ. ಹಿರಿಯರು ಕೇಳಿಸಿಕೊಂಡು, ಇವಳಿಗಿಂತ ಅವಳು ಮುಂದೆ, ಅವಳಿಗಿಂತ ಇವನು ಮುಂದೆ ಎಂದು ಅಂಗಳದಲ್ಲಿ ಸಾಲು ನಿಲ್ಲಿಸುತ್ತಾರೆ. ಒಂದೊಂದು ಗುಣಕ್ಕೆ ಒಂದೊಂದು ಸಾಲು. ಸಾಲು ಗಟ್ಟಿಯಾದ ಮೇಲೆ ನೂಲು ಕತ್ತರಿಸುವ ಕತ್ತರಿಯಮ್ಮ ಬರುತ್ತಾಳೆ. ಮೊದಲು ನಿಂತವರಿಗೆ ಮೊಳದುದ್ದ, ಕೊನೆಗೆ ನಿಂತವರಿಗೆ ಬೆರಳುದ್ದ, ನಡುವಿನವರಿಗೆ ನಡುವಿನದು. ಅಂದು ಕತ್ತರಿಸಿದ ನೂಲು ಸಾಯುವವರೆಗೆ. ಸಾಕ್ಷಿ ಏನು ಹೇಳಿದರೆಂದು ಆಮೇಲೆ ಯಾರೂ ಕೇಳುವ ಹಾಗಿಲ್ಲ.

ಆ ಊರಿನಲ್ಲಿ ಅಕ್ಕತಂಗಿಯರಿಬ್ಬರಿದ್ದರು. ಒಂದೇ ವರ್ಷ ಇಬ್ಬರ ಅಳತೆಯೂ ಬಂತು. ಅಕ್ಕನಿಗೆ ತಂಗಿ ಸಾಕ್ಷಿ, ತಂಗಿಗೆ ಅಕ್ಕ ಸಾಕ್ಷಿ.

ಆ ಬೆಳಿಗ್ಗೆ ತಲೆ ಬಾಚುತ್ತಾ ಅವರ ತಾಯಿ ಸುಮ್ಮನಿರಲಾರದೆ ಒಂದು ಮಾತು ಆಡಿದ್ದಳು. "ಮೊಳದುದ್ದ ಬಿಳಿ ನೂಲು ಈ ಮನೆಗೆ ಬಂದ್ರೆ ಅದು ಚಿಕ್ಕೋಳಿಂದಲೇ ಬರೋದು. ಅವಳ ಕರುಳು ಬೆಣ್ಣೆ ಕಣ್ರೇ." ತಾಯಂದಿರು ಹೀಗೆ ಎಷ್ಟೋ ಮಾತು ಆಡುತ್ತಾರೆ, ಆಡಿದ್ದು ಅವರಿಗೇ ನೆನಪಿರುವುದಿಲ್ಲ. ಅಕ್ಕನಿಗೆ ಮಾತ್ರ ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನ ಹಾಗೆ ಚಾವಡಿಯವರೆಗೂ ಬಂತು.

ಹಿರಿಯರು ಕೇಳಿದರು, "ಬಿಸಿಲಲ್ಲಿ ಬಂದೋರು ಬಾಗಿಲಲ್ಲಿ ನಿಂತು ನೀರು ಕೇಳಿದ್ರೆ ನಿನ್ನ ತಂಗಿ ಏನು ಮಾಡ್ತಾಳಮ್ಮ?"

ಹಿಂದಿನ ದಿನವಷ್ಟೇ ಒಬ್ಬ ಮುದುಕಿ ಹಾಗೆ ಬಂದು ಕೇಳಿದ್ದಳು. ತಂಗಿ ಒಳಗೆ ಓಡಿದ್ದಳು. ಬರೀ ನೀರು ಹೇಗೆ ಕೊಡುವುದೆಂದು ಬೆಲ್ಲದ ಡಬ್ಬಿ ಹುಡುಕಿ, ಸಿಗದೆ, ಅಟ್ಟ ಹತ್ತಿ ಹೊಸ ಅಚ್ಚು ಇಳಿಸಿ, ಒಡೆದು ತರುವಷ್ಟರಲ್ಲಿ ಮುದುಕಿ ಕಾದು ಕಾದು ಹೊರಟುಹೋಗಿದ್ದಳು. ತಂಗಿ ಬೆಲ್ಲದ ಚೂರು ಹಿಡಿದುಕೊಂಡು ಬೀದಿಯ ಕೊನೆಯವರೆಗೂ ಓಡಿ, ಅಳುಮುಖ ಮಾಡಿಕೊಂಡು ಹಿಂದೆ ಬಂದಿದ್ದಳು.

ಅಕ್ಕ ಹೇಳಿದಳು, "ನಿನ್ನೆ ಒಬ್ಬಳು ಅಜ್ಜಿ ಬಂದು ನೀರು ಕೇಳಿದ್ಲು. ಇವಳು ಕೇಳಿಸ್ಕೊಂಡು ಒಳಗೆ ಹೋದ್ಲು. ಅಜ್ಜಿ ಕಾದು ಕಾದು ಹೊರಟುಹೋದ್ಲು."

ಅಷ್ಟು ಹೇಳಿ ನಿಲ್ಲಿಸಿದಳು. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕೈಕೆಳಗೆ ತಂಗಿಯ ನೆತ್ತಿ ಬೆಚ್ಚಗಿತ್ತು. ಕಿವಿಯಲ್ಲಿ ಹತ್ತಿ ಇಟ್ಟುಕೊಂಡ ತಂಗಿ, ಅಕ್ಕ ತನ್ನ ಬಗ್ಗೆ ಏನೋ ಒಳ್ಳೆಯದೇ ಹೇಳುತ್ತಿದ್ದಾಳೆಂದು, ಕತ್ತೆತ್ತಿ ಅವಳ ಬಾಯನ್ನೇ ನೋಡುತ್ತಾ ನಗುತ್ತಿದ್ದಳು.

ಆಮೇಲೆ ಅಕ್ಕನ ಕಿವಿಗೆ ಹತ್ತಿ ಇಟ್ಟರು. ತಂಗಿ ಸಾಕ್ಷಿ ಹೇಳಲು ತೊಡಗಿದವಳು ನಿಲ್ಲಿಸಲೇ ಇಲ್ಲ. ಹಿರಿಯರು ಸಾಕಮ್ಮಾ ಸಾಕು ಎಂದು ಕೈ ಅಡ್ಡ ಹಿಡಿದದ್ದು ಅಕ್ಕನಿಗೆ ಕಂಡಿತು. ಸಂಜೆ ಸಾಲು ನಿಂತಾಗ ಬಿಳಿಯ ಸಾಲಿನಲ್ಲಿ ಅಕ್ಕ ಎಲ್ಲರಿಗಿಂತ ಮುಂದೆ, ತಂಗಿ ಎಲ್ಲರಿಗಿಂತ ಹಿಂದೆ. ಹಿಂದಿನಿಂದ ತಂಗಿ ತನ್ನ ಸ್ಥಾನ ಮರೆತು ಖುಷಿಯಿಂದ ಕೂಗಿದಳು, "ಅಕ್ಕಾ, ನಿಂದೇ ಮೊದಲು!"

ಅಂದಿನಿಂದ ಊರು ಅವರಿಬ್ಬರನ್ನೂ ತನಗೆ ಬೇಕಾದ ಹಾಗೆ ತಿದ್ದಿತು. ಜ್ವರ ಬಂದ ಮಕ್ಕಳನ್ನು ಅಕ್ಕನ ಮಡಿಲಿಗೆ ತಂದು ಹಾಕಿದರು. ಸಾಯುವವರು ಅಕ್ಕನ ಕೈಯಿಂದ ನೀರು ಕೇಳಿದರು. ಕರುಣೆಯ ತಾಯಿ ಎಂದು ಕಾಲು ಮುಟ್ಟಿದರು. ತಂಗಿ ಅಳುವ ಕೂಸಿನ ಕಡೆ ಕೈಚಾಚಿದರೆ, "ನೀನ್ಯಾಕಮ್ಮ, ಬಿಡು" ಎಂದು ನಯವಾಗಿ ಕೂಸನ್ನು ಆಚೆಗೆ ತೆಗೆದುಕೊಂಡರು. ಹೆತ್ತ ತಾಯಿ ಕಾಯಿಲೆ ಬಿದ್ದಾಗಲೂ ಅಷ್ಟೇ, ತಂಗಿಗೆ ಪಾತ್ರೆ ತೊಳೆಯುವ ಕೆಲಸ, ತಲೆದಿಂಬಿನ ಹತ್ತಿರ ಅಕ್ಕ. ಕೆಲವು ವರ್ಷಗಳಲ್ಲಿ ತಂಗಿ ಕೈಚಾಚುವುದನ್ನೇ ಬಿಟ್ಟಳು. ಬೀದಿಯಲ್ಲಿ ಯಾರಾದರೂ ಎಡವಿ ಬಿದ್ದರೆ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದಳು. ಗಿಡ್ಡ ನೀಲಿ ನೂಲಿನ ಆ ಕೌದಿಯ ದರ್ಜಿಗೇ ಅವಳನ್ನು ಕೊಟ್ಟು ಮದುವೆ ಮಾಡಿದರು. ಅಂಥವನಿಗೆ ಅಂಥವಳು ಸರಿಯಾಯಿತು ಎಂದು ಊರು ಎಲೆ ಮಡಚಿ ಎದ್ದಿತು.

ಅಕ್ಕ ಇದೆಲ್ಲವನ್ನೂ ನೋಡುತ್ತಿದ್ದಳು. ಯಾರಾದರೂ ಕಾಲು ಮುಟ್ಟಿದಾಗಲೆಲ್ಲ ಅವಳಿಗೆ ಕಾಲು ಕಿತ್ತು ಓಡಬೇಕು ಅನ್ನಿಸುತ್ತಿತ್ತು. ಓಡಲಿಲ್ಲ. ಕರುಣೆ ತೋರಿಸಿದಳು. ಮೊದಮೊದಲು ನೂಲಿಗೆ ಹೆದರಿ ತೋರಿಸಿದಳು, ಆಮೇಲೆ ರೂಢಿಯಾಗಿ ತೋರಿಸಿದಳು, ಇನ್ನೂ ಆಮೇಲೆ ಮಾಡಿದ್ದನ್ನು ತೀರಿಸಿಬಿಡಬಹುದೇನೋ ಎಂದು ತೋರಿಸಿದಳು. ಎಷ್ಟು ತೋರಿಸಿದರೂ ನೆತ್ತಿಯ ಆ ಬಿಸಿ ಅಂಗೈಯಿಂದ ಹೋಗಲಿಲ್ಲ. ಹೇಳಿಬಿಡಬೇಕು, ಹಬ್ಬ ಕಳೆಯಲಿ ಹೇಳುತ್ತೇನೆ, ತಾಯಿಯ ತಿಥಿ ಕಳೆಯಲಿ ಹೇಳುತ್ತೇನೆ ಎಂದುಕೊಳ್ಳುತ್ತಲೇ ಬಂದಳು. ಒಳ್ಳೆಯವಳೆನ್ನಿಸಿಕೊಳ್ಳುವ ರುಚಿ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ.

ಅಕ್ಕನಿಗೂ ಮದುವೆಯಾಯಿತು, ಮಕ್ಕಳಾಗಲಿಲ್ಲ. ತಂಗಿ ಬಸುರಾದಳು.

ಆ ಊರಿನ ಇನ್ನೊಂದು ಪದ್ಧತಿಯನ್ನು ಈಗ ಹೇಳಲೇಬೇಕು. ಬೆರಳುದ್ದ ಬಿಳಿ ನೂಲಿನ ತಾಯಿ ಹೆತ್ತ ಕೂಸನ್ನು, ಹೆಸರಿಡುವ ದಿನ, ನೆಂಟರಲ್ಲಿ ಬಿಳಿ ನೂಲು ಉದ್ದವಿರುವ ಹೆಂಗಸಿನ ಮಡಿಲಿಗೆ ಹಾಕುತ್ತಾರೆ. ಕೂಸು ಅಲ್ಲೇ ಬೆಳೆಯುತ್ತದೆ, ಅವಳನ್ನೇ ಅಮ್ಮ ಎನ್ನುತ್ತದೆ. ಇದನ್ನು ಕ್ರೌರ್ಯವೆಂದು ಅಲ್ಲಿ ಯಾರೂ ಎಣಿಸಿರಲಿಲ್ಲ. ಕೂಸಿನ ಒಳ್ಳೆಯದಕ್ಕೇ ಅಲ್ಲವೇ?

ಗಂಡುಕೂಸು ಹುಟ್ಟಿದ ಸುದ್ದಿ ಬಂದಾಗ ಅಕ್ಕನ ಎದೆ ಕುಣಿಯಿತು. ಸುಳ್ಳೇಕೆ ಹೇಳುವುದು, ಕುಣಿಯಿತು. ಗಂಡ ಅಂದೇ ಬಡಗಿಯನ್ನು ಕರೆಸಿ ತೊಟ್ಟಿಲು ಮಾಡಿಸಿದ. ಅಕ್ಕ ಮೆತ್ತನೆಯ ಹಳೆಯ ಸೀರೆ ಹರಿದು, ಅಂಚು ಮಡಚಿ, ನಾಜೂಕಾಗಿ ಕೂಸಿಗೆ ಬಟ್ಟೆ ಹೊಲಿದಳು. ಖಾಲಿ ತೊಟ್ಟಿಲನ್ನು ಒಂದು ಸಲ ತೂಗಿಯೂ ನೋಡಿದಳು. ತೂಗಿದ ಕೈಯನ್ನು ನೋಡಿಕೊಂಡಾಗ ಅವಳಿಗೆ ತಾನು ಮಾಡಿದ್ದು ಏನೆಂದು ಪೂರ್ತಿ ತಿಳಿಯಿತು. ಅರ್ಧ ಮಾತು ಹೇಳಿ ತಂಗಿಯ ಹೆಸರು ಕಿತ್ತುಕೊಂಡದ್ದಾಯಿತು, ಈಗ ಕೂಸು. ಅವಳು ನೆಲದ ಮೇಲೆ ಕೂತು ಹಣೆ ಹಣೆ ಚಚ್ಚಿಕೊಂಡಳು.

ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡು ಕತ್ತರಿಯಮ್ಮನ ಮನೆಗೆ ನಡೆದಳು.

ಕತ್ತರಿಯಮ್ಮ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು. ಊರಿನ ದೊಡ್ಡ ಹೆಂಗಸು, ತಾನು ದೊಡ್ಡವಳೆಂಬುದನ್ನು ಮರೆಯದ ಹೆಂಗಸು. ಅಕ್ಕ ಎಲ್ಲವನ್ನೂ ಹೇಳಿದಳು: ಮುದುಕಿ, ಬೆಲ್ಲ, ಬೀದಿಯ ಕೊನೆ, ತಾನು ನುಂಗಿಕೊಂಡ ಅರ್ಧ. ಕತ್ತರಿಯಮ್ಮ ಎಲೆಯಡಿಕೆ ಅಗಿಯುತ್ತಲೇ ಕೇಳಿಸಿಕೊಂಡಳು.

"ಇದಕ್ಯಾಕಮ್ಮ ಇಷ್ಟು ಅಳ್ತೀಯ? ಎಲ್ಲಾ ಸಾಕ್ಷಿಗಳೂ ಹಂಗೇ. ಒಬ್ಬರು ಒಂದು ಹಿಡಿ ಹೆಚ್ಚಿಗೆ ಹೇಳ್ತಾರೆ, ಒಬ್ಬರು ಕಡಿಮೆ ಹೇಳ್ತಾರೆ."

"ನನ್ನ ತಂಗಿ ಬೆರಳುದ್ದದೋಳಲ್ಲಮ್ಮಾ. ಅವಳಲ್ಲಿ ಕರುಣೆ ತುಂಬಿತ್ತು."

"ಇಲ್ಲ ಅಂದೋರ್ಯಾರು?" ಕತ್ತರಿಯಮ್ಮ ಪಕ್ಕಕ್ಕೆ ಉಗಿದು ಬಾಯಿ ಒರೆಸಿಕೊಂಡಳು. "ನಾನು ಕರುಣೆ ಅಳೆದು ಕತ್ತರಿಸ್ತೀನಿ ಅಂದ್ಕೊಂಡ್ಯಾ? ನಾನು ನೋಡೋದು ಸಾಲು. ಮೊದಲು ನಿಂತೋರಿಗೆ ಮೊಳ, ಕೊನೇಲಿ ನಿಂತೋರಿಗೆ ಬೆರಳು. ಆ ವರ್ಷದ ಸಾಲು ನನಗೆ ಚೆನ್ನಾಗಿ ನೆನಪಿದೆ. ಎಲ್ಲರೂ ಒಳ್ಳೇ ಮಕ್ಕಳೇ. ಮೊದಲನೆಯೋಳಿಗೂ ಕೊನೆಯೋಳಿಗೂ ಕೂದಲೆಳೆಯಷ್ಟು ವ್ಯತ್ಯಾಸ ಇರಲಿಲ್ಲ; ಹಿರಿಯರೇ ತಲೆ ಕೆರ್ಕೊಂಡು ಕೂತಿದ್ರು. ಆದ್ರೆ ಸಾಲು ಅಂದ ಮೇಲೆ ಯಾರಾದ್ರೂ ಕೊನೇಲಿ ನಿಲ್ಲಲೇಬೇಕಲ್ಲ. ಅದರ ಹಿಂದಿನ ಅಳತೆಯಲ್ಲಿ ಬಂದಿದ್ವಲ್ಲ, ಆ ಕಲ್ಲೆದೆ ಮುಂಡೇವು, ಅವರ ಜೊತೆ ನಿಂತಿದ್ರೆ ನಿನ್ನ ತಂಗಿಗೇ ಮೊಳದುದ್ದ ಬರ್ತಿತ್ತು."

"ಹಾಗಾದ್ರೆ ನೂಲು ಹೇಳೋದು ನಾವು ಎಂಥೋರು ಅಂತ ಅಲ್ವಾ?"

"ನೀವು ಯಾರ ಹಿಂದೆ ನಿಂತಿದ್ರಿ ಅಂತ ಹೇಳುತ್ತೆ. ಅಷ್ಟೇ."

"ಇದನ್ನ ಯಾಕಮ್ಮಾ ಊರಿಗೆ ಹೇಳಲಿಲ್ಲ?"

"ಯಾರು ಕೇಳಿದ್ರು? ಉದ್ದ ಬಂದೋರಿಗೆ ಕೇಳೋದು ಬೇಕಾಗಿಲ್ಲ, ಗಿಡ್ಡ ಬಂದೋರಿಗೆ ಕೇಳೋಕೆ ನಾಚಿಕೆ." ಕತ್ತರಿಯಮ್ಮ ಆಕಳಿಸಿದಳು. "ಈಗ ನಿನಗೇನಾಗಬೇಕು, ಅದು ಹೇಳು."

"ಕೂಸು ಅವಳ ಹತ್ರವೇ ಉಳೀಬೇಕು."

"ಹೆಸರಿಡೋ ದಿನ ಎಲ್ಲರ ಮುಂದೆ ನಿನ್ನ ಸಾಕ್ಷೀನ ಹಿಂದಕ್ಕೆ ತಗೋ. ಹೆತ್ತೋಳು ಒಪ್ಪಿ ಕೂಸನ್ನ ಎತ್ಕೊಂಡ್ರೆ ಯಾರೂ ತಡೆಯೋ ಹಾಗಿಲ್ಲ, ಅದು ಪದ್ಧತಿ. ಆದ್ರೆ ಹಿಂದಕ್ಕೆ ತಗೊಂಡ ಸಾಕ್ಷಿಯ ಬಾಗಿಲಿಗೆ ನೂಲು ಇರೋ ಹಾಗಿಲ್ಲ. ನಿನ್ನ ಐದನ್ನೂ ನಾನು ಮೊದಲೇ ಬಿಚ್ಚಬೇಕಾಗುತ್ತೆ. ನೂಲಿಲ್ಲದ ಬಾಗಿಲಿಗೆ ಯಾರು ಬರ್ತಾರೆ ಯೋಚನೆ ಮಾಡು."

"ಬಿಚ್ಚಿ," ಅಂದಳು ಅಕ್ಕ.

ಅಂದು ಸಂಜೆ ಕತ್ತರಿಯಮ್ಮ ಬಂದು ಐದು ನೂಲನ್ನೂ ಬಿಚ್ಚಿಕೊಂಡು ಹೋದಳು. ಬೀದಿಯವರೆಲ್ಲ ನಿಂತು ನೋಡಿದರು. ಅಕ್ಕನ ಗಂಡ ತೊಟ್ಟಿಲಿಗೆ ಒರಗಿ ಕೂತು, "ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದ. ಕೇಳಿದ್ದರೆ ತಾನೇ ಹಿಂಜರಿದುಬಿಡುತ್ತಿದ್ದಳು, ಅದು ಅಕ್ಕನಿಗೆ ಗೊತ್ತಿತ್ತು.

ಹೆಸರಿಡುವ ದಿನ ತಂಗಿಯ ಮನೆಯ ಪಡಸಾಲೆಯಲ್ಲಿ ನೆಂಟರು ನೆರೆದಿದ್ದರು. ತಂಗಿಯ ಅತ್ತೆ ಅಕ್ಕಿ, ಕಾಯಿ, ಕುಂಕುಮ ಜೋಡಿಸಿ ಕೂತಿದ್ದಳು. ತಂಗಿ ಗೋಡೆಗೆ ಒರಗಿ, ಕೂಸನ್ನು ಚಾಪೆಯ ಮೇಲೆ ತನ್ನಿಂದ ಒಂದು ಮಾರು ದೂರದಲ್ಲಿ ಮಲಗಿಸಿ, ಬೇರೆಯವರ ವಸ್ತುವನ್ನು ಕಾಯುವವರ ಹಾಗೆ ಕೂತಿದ್ದಳು.

ಅಕ್ಕ ಹೊಸಿಲು ದಾಟಿ ನಿಂತಲ್ಲೇ ಹೇಳಿದಳು. ಒಂದನ್ನೂ ಬಿಡಲಿಲ್ಲ. ತಾಯಿ ತಲೆ ಬಾಚಿದ್ದರಿಂದ ಹಿಡಿದು ತಂಗಿ ಬೆಲ್ಲ ಹಿಡಿದು ಓಡಿದ್ದರವರೆಗೆ ಹೇಳಿದಳು. "ಹೊಟ್ಟೆಕಿಚ್ಚಿನಿಂದ ನಾನು ಅರ್ಧ ನುಂಗಿಕೊಂಡೆ. ಇವಳು ಕೊನೆಯೋಳಲ್ಲ, ನಾನು ಇವಳನ್ನ ಕೊನೇಲಿ ನಿಲ್ಲಿಸಿದೆ. ಕೂಸು ಇವಳದು, ಇವಳೇ ಇಟ್ಕೊಳ್ಳಲಿ." ಸಾಲಿನಲ್ಲಿ ಕೂದಲೆಳೆಯ ವ್ಯತ್ಯಾಸವಿರಲಿಲ್ಲವೆಂಬುದನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳ ಕಣ್ಣಿಂದ ನೀರು ಸುರಿಯಿತು.

ಅತ್ತೆ ಎರಡೂ ಕೈ ಎತ್ತಿ ಮುಗಿದಳು. "ಎಂಥ ಕರುಳು ತಾಯೀ ನಿಂದು! ತಂಗಿ ಮರ್ಯಾದೆ ಉಳೀಲಿ ಅಂತ ಇಲ್ಲದ ತಪ್ಪನ್ನ ನಿನ್ನ ಮೇಲೆ ಎಳ್ಕೊಂಡ್ಯಲ್ಲ."

"ನೂಲನ್ನೂ ಬಿಚ್ಚಿಸಿಕೊಂಡಳಂತೆ ಕಣ್ರೀ," ಎಂದು ಹಿಂದಿನಿಂದ ಒಬ್ಬಳು ಮೂಗೊರೆಸಿಕೊಂಡಳು. "ಮೊಳದುದ್ದ ಅಂದ್ರೆ ಸುಮ್ನೆನಾ?"

"ಅಲ್ಲ, ಅಲ್ಲ," ಎಂದು ಅಕ್ಕ ತಲೆ ಕೊಡವಿದಳು. "ಇದು ಕರುಣೆಯಲ್ಲ. ನಾನು ಮಾಡಿದ್ದನ್ನೇ ಹೇಳ್ತಾ ಇದೀನಿ." ಅವಳು ಎಷ್ಟು ಅಲ್ಲವೆಂದಳೋ ಪಡಸಾಲೆಯವರ ಕಣ್ಣು ಅಷ್ಟು ಒದ್ದೆಯಾಯಿತು.

ಅಕ್ಕ ತಂಗಿಯ ಮುಂದೆ ಮಂಡಿಯೂರಿ ಕೂತಳು. "ನೀನಾದ್ರೂ ನಂಬೇ. ಆ ಬೆಲ್ಲ ನಿನಗೆ ನೆನಪಿಲ್ವಾ?"

ತಂಗಿ ಅವಳನ್ನು ಬಹಳ ಪ್ರೀತಿಯಿಂದ ನೋಡಿದಳು. "ಇಲ್ಲ ಅಕ್ಕ. ಯಾವ ಬೆಲ್ಲ? ನೀನು ನನಗೋಸ್ಕರ ಕಟ್ಟಿ ಹೇಳ್ತಾ ಇದೀಯ, ನನಗೆ ಗೊತ್ತಾಗುತ್ತೆ. ನಾನು ಎಂಥೋಳು ಅಂತ ನನಗೆ ಗೊತ್ತಿಲ್ವಾ? ಬೆಳಿಗ್ಗೆ ಇದು ಅತ್ತಾಗ ನಾನು ತಕ್ಷಣ ಏಳಲಿಲ್ಲ. ಎತ್ಕೋಬೇಕು ಅನ್ನಿಸುತ್ತೋ ಇಲ್ವೋ ಅಂತ ನನ್ನನ್ನೇ ನೋಡ್ಕೊಂಡು ಕೂತಿದ್ದೆ. ಒಳ್ಳೇ ತಾಯಿ ಹಾಗೆ ಕೂತಿರ್ತಾಳಾ ಹೇಳು? ಕರ್ಕೊಂಡು ಹೋಗು ಅಕ್ಕ. ನಿನ್ನ ಹತ್ರ ಇದು ಚೆನ್ನಾಗಿರುತ್ತೆ."

ಅಂದು ಅಕ್ಕ ನುಂಗಿದ ಅರ್ಧವನ್ನು ಇಂದು ಹೊರಗೆ ಕಕ್ಕಿದರೂ ಅದಕ್ಕೆ ಹೋಗಿ ಸೇರುವ ಜಾಗ ಉಳಿದಿರಲಿಲ್ಲ. ತಂಗಿಯೊಳಗೆ ಆ ಬೆರಳುದ್ದದ ನೂಲೇ ಬೆಳೆದು ಮನೆ ಮಾಡಿತ್ತು. ಅಕ್ಕ ಹೇಳಿದ ನಿಜಕ್ಕಿಂತ ಅವಳ ನೂಲೇ ಈ ಊರಿಗೆ ಹೆಚ್ಚಿನ ನಿಜ. ಬಿಚ್ಚಿ ಎಸೆದ ಮೇಲೂ.

ಅತ್ತೆ ಕೂಸನ್ನು ಎತ್ತಿ ತಂದು ಅಕ್ಕನ ಮಡಿಲಿಗೆ ಹಾಕಿದಳು. ಕೂಸು ನಿದ್ದೆಗಣ್ಣಲ್ಲಿ ಬಾಯಿ ಚಪ್ಪರಿಸಿ ಅವಳ ಎದೆಗೆ ಮುಖ ಒತ್ತಿತು. ಎಷ್ಟು ವರ್ಷದಿಂದ ಬೇಡಿದ ಭಾರ ಅದು! ಹಾಲಿನ ವಾಸನೆ ಮೂಗಿಗೆ ಬಂತು. ಇನ್ನೊಂದು ಕ್ಷಣ ಹೀಗೇ ಹಿಡಿದಿದ್ದರೆ ತಾನು ಇದನ್ನು ಎಂದಿಗೂ ಕೆಳಗಿಡುವುದಿಲ್ಲ ಎಂದು ಅವಳಿಗೆ ತಿಳಿದುಹೋಯಿತು. ಊರೆಲ್ಲ ಹೊಗಳುತ್ತಾ ಕೊಡುತ್ತಿದೆ, ತಂಗಿಯೇ ಕೊಡುತ್ತಿದ್ದಾಳೆ, ತಾನು ನಿಜ ಹೇಳಿಯೂ ಆಗಿದೆ. ಇನ್ನೇನು?

ಅಕ್ಕ ಕೂಸನ್ನು ಚಾಪೆಯ ಮೇಲೆ ಮಲಗಿಸಿದಳು. ಮೆಲ್ಲಗೆ ಅಲ್ಲ, ಹೊರೆ ಇಳಿಸುವವರ ಹಾಗೆ. ಕೂಸು ಬೆಚ್ಚಿ ಕಿಟಾರನೆ ಚೀರಿತು.

"ಈ ಪೀಡೆ ನನಗೆ ಬೇಡ," ಅಂದಳು ಅಕ್ಕ. ದನಿ ಗಟ್ಟಿಯಾಗಿಯೇ ಬಂತು. "ಊರ ಮಕ್ಕಳ ಮೂಗು ಒರೆಸಿ ಒರೆಸಿ ನನಗೆ ಹೇಸಿಗೆ ಬಂದಿದೆ. ಅತ್ರೆ ಅಳಲಿ, ನನಗೇನು? ಯಾರು ಹೆತ್ತಿದಾರೋ ಅವರು ನೋಡ್ಕೊಳ್ಳಲಿ."

ಇದಕ್ಕೆ ಯಾವ ಒಳ್ಳೆಯ ಹೆಸರಿಡಬೇಕೆಂದು ಪಡಸಾಲೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಕೂಸು ಮುಖ ಕೆಂಪಗೆ ಮಾಡಿಕೊಂಡು, ಉಸಿರು ಕಟ್ಟಿ, ಮತ್ತೆ ಚೀರಿತು. ಯಾರೂ ಬಗ್ಗಲಿಲ್ಲ, ಎಲ್ಲರೂ ರೂಢಿಯಂತೆ ಅಕ್ಕ ಬಗ್ಗಲಿ ಎಂದು ಕಾದರು. ಅಕ್ಕ ಬಗ್ಗಲಿಲ್ಲ. ಬೆರಳುಗಳು ತಾವಾಗಿ ಮುಂದೆ ಹೋಗದಿರಲೆಂದು ಸೆರಗಿನಲ್ಲಿ ಸುತ್ತಿಕೊಂಡು, ಬೆನ್ನು ತಿರುಗಿಸಿ ಹೊಸಿಲು ದಾಟಿ ಬೀದಿಗಿಳಿದಳು.

ಹಿಂದೆ ಬಳೆಗಳ ಸದ್ದಾಯಿತು, ಯಾರೋ ಓಡಿಬಂದ ಸದ್ದು. ಕೂಸಿನ ಅಳು ಒಮ್ಮೆಗೇ ತಗ್ಗಿತು, ಬಟ್ಟೆಯೊಳಗೆ ಮುಖ ಹುದುಗಿಸಿದಾಗ ತಗ್ಗುವಂತೆ. ಬಾಗಿಲಿನಿಂದ ತಂಗಿ ಕೂಗಿದಳು. ಅಷ್ಟು ವರ್ಷಗಳಲ್ಲಿ ಅವಳು ದನಿಯೆತ್ತಿದ್ದನ್ನು ಯಾರೂ ಕೇಳಿರಲಿಲ್ಲ.

"ಥೂ! ನಿನಗೇನು ಕರುಳೇ ಇಲ್ವಾ ಅಕ್ಕ? ಎಳೆ ಕೂಸು ಕಣೇ ಇದು, ಎಳೆ ಕೂಸು! ಇನ್ನು ಈ ಕಡೆ ತಲೆ ಹಾಕಬೇಡ. ನನ್ನ ಮಗನನ್ನ ನಾನು ಸಾಕ್ಕೋತೀನಿ."

ಅಕ್ಕನಿಗೆ ಆ ಬೈಗುಳದಲ್ಲಿ ಒಂದಕ್ಷರವೂ ತಪ್ಪಿಹೋಗಲಿಲ್ಲ. ಒಂದೇ ಒಂದು ಸಲ ತಿರುಗಿ, ತಂಗಿಯ ತೋಳಿನಲ್ಲಿ ಕೂಸನ್ನು ನೋಡಬೇಕೆಂದು ಜೀವ ಹೊಡೆದುಕೊಂಡಿತು. ಆದರೆ ಕಣ್ಣೀರು ಗಲ್ಲ ದಾಟಿ ಕುತ್ತಿಗೆಗೆ ಇಳಿಯುತ್ತಿತ್ತು. ತಿರುಗಿದರೆ ಅದು ಕಾಣುತ್ತಿತ್ತು. ಕಂಡರೆ ಈ ಊರಿನವರು ಅದನ್ನೂ ಕರುಣೆಯೆಂದು ಕರೆದು, ಕೂಸನ್ನು ಮತ್ತೆ ಅವಳ ಹಿಂದೆಯೇ ಹೊತ್ತುಕೊಂಡು ಬರುತ್ತಿದ್ದರು. ಅವಳು ನೆಟ್ಟಗೆ ನಡೆದಳು.